ಮೊದಲ ಚಕ್ಕೆ ಎಬ್ಬಿಸುವುದು ಹೇಗೆ: ಓಲ್ಡುವಾನ್ ಕಲ್ಲಿನ ಉಪಕರಣಗಳ ಪ್ರಯೋಗಕ್ಕೊಂದು ಕೈಪಿಡಿ

ಇಥಿಯೋಪಿಯಾದ ಗೋನಾದಲ್ಲಿ ಸಿಕ್ಕ 26 ಲಕ್ಷ ವರ್ಷ ಹಳೆಯ ಕಲ್ಲಿನ ಚಕ್ಕೆಯ ಚಿತ್ರ ನೋಡಿದ ಬಹುಪಾಲು ಜನ ಕೇಳುವುದು ಒಂದೇ ಪ್ರಶ್ನೆ: ಇದು ಒಡೆದ ಕಲ್ಲು ತಾನೆ, ಇದರಲ್ಲೇನಿದೆ? ಉತ್ತರವನ್ನು ಓದಿ ತಿಳಿಯುವುದಕ್ಕಿಂತ ಒಂದು ಹೊಳೆಗಲ್ಲನ್ನು ಎಡಗೈಯಲ್ಲೂ ಇನ್ನೊಂದನ್ನು ಬಲಗೈಯಲ್ಲೂ ಹಿಡಿದು ಅಂಥದೇ ಚಕ್ಕೆ ಎಬ್ಬಿಸಲು ಹೊರಟರೆ ಬೇಗ ತಿಳಿಯುತ್ತದೆ. ಕಲ್ಲನ್ನು ಪುಡಿ ಮಾಡಲು ತೋಳಿನ ಬಲ ಸಾಕು. ಬೇಕಾದ ಕಡೆಯಿಂದ, ಬೇಕಾದ ಗಾತ್ರದ, ಹರಿತವಾದ ಚಕ್ಕೆ ಏಳಬೇಕಾದರೆ ಬೇಕಾದದ್ದು ಕೋನದ ತಿಳಿವಳಿಕೆ. ನಮ್ಮ ಪೂರ್ವಜರಿಗೆ ಅದಿತ್ತು ಎಂಬುದೇ ಈ ಕಲ್ಲುಗಳು ಹೇಳುವ ದೊಡ್ಡ ಸಂಗತಿ.

ಇತಿಹಾಸ ಮತ್ತು ಪುರಾತತ್ವದ ವಿದ್ಯಾರ್ಥಿಗಳು, ಶಿಕ್ಷಕರು, ಆಸಕ್ತರು ಬಯಲಲ್ಲಿ ಕೂತು ಮಾಡಬಹುದಾದ ಪ್ರಯೋಗವನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದ್ದೇವೆ. ಕಲ್ಲು ಒಡೆಯುವುದು ಇದರ ಅರ್ಧ ಭಾಗ ಮಾತ್ರ. ಒಡೆದದ್ದನ್ನು ಅಳೆದು, ಬರೆದು, ಮತ್ತೆ ಜೋಡಿಸಿ ಓದುವುದು ಉಳಿದರ್ಧ. ಅದನ್ನು ಬಿಟ್ಟರೆ ಪ್ರಯೋಗದಿಂದ ಕಲಿತದ್ದು ಬಹಳ ಕಡಿಮೆ.

ಗುರಿ ಯಾವುದು

ತಾಂಜಾನಿಯಾದ ಓಲ್ಡುವಾಯಿ ಕಣಿವೆಯಲ್ಲಿ ಲೂಯಿಸ್ ಮತ್ತು ಮೇರಿ ಲೀಕಿ ದಂಪತಿ ದಶಕಗಳ ಕಾಲ ಅಗೆದು ತೆಗೆದ ಕಲ್ಲುಗಳಿಂದ, ಕಲ್ಲಿಗೆ ಕಲ್ಲು ಬಡಿದು ಚಕ್ಕೆ ಎಬ್ಬಿಸುವ ಈ ತಂತ್ರಕ್ಕೆ ಓಲ್ಡುವಾನ್ ಎಂಬ ಹೆಸರು ಬಂತು. ಮೇರಿ ಲೀಕಿ 1971ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಚಾಪರ್, ಡಿಸ್ಕಾಯ್ಡ್, ಪಾಲಿಹೆಡ್ರನ್ ಮುಂತಾದ ಹೆಸರುಗಳಿವೆ. ಅವೆಲ್ಲ ಚಕ್ಕೆ ಎದ್ದ ಮೇಲೆ ಕೈಯಲ್ಲಿ ಉಳಿಯುವ ತಿರುಳುಗಲ್ಲಿನ ಆಕಾರಗಳು. ಆ ಆಕಾರವೇ ತಯಾರಕನ ಉದ್ದೇಶವಾಗಿತ್ತು ಎಂದು ಬಹುಕಾಲ ನಂಬಲಾಗಿತ್ತು. ಕೀನ್ಯಾದ ಕೂಬಿ ಫೋರಾದ ಕಲ್ಲುಗಳನ್ನು ಅಭ್ಯಸಿಸಿ, ಸ್ವತಃ ನೂರಾರು ಕಲ್ಲು ಒಡೆದು ನೋಡಿದ ನಿಕೊಲಸ್ ಟಾತ್ 1985ರಲ್ಲಿ ಈ ನಂಬಿಕೆಯನ್ನು ತಿರುವಿಹಾಕಿದರು. ಅವರ ಪ್ರಕಾರ ಬೇಕಾಗಿದ್ದದ್ದು ಹರಿತವಾದ ಚಕ್ಕೆ. ತಿರುಳುಗಲ್ಲಿನ ಆಕಾರ ಹೆಚ್ಚಿನ ಸಂದರ್ಭಗಳಲ್ಲಿ ಆ ಕೆಲಸ ಎಲ್ಲಿಗೆ ನಿಂತಿತೆಂಬುದರ ಗುರುತಷ್ಟೇ.

ಹಾಗಾಗಿ ಚಾಪರ್ ಮಾಡುತ್ತೇನೆಂದು ಕೂರಬೇಡಿ. ಒಂದು ಉರುಟುಗಲ್ಲಿನಿಂದ 3 ಸೆಂ.ಮೀ.ಗಿಂತ ಉದ್ದನೆಯ, ಒಂದು ಕಡೆಯಾದರೂ ಹರಿತ ಅಂಚಿರುವ ಚಕ್ಕೆಗಳನ್ನು ಆದಷ್ಟು ಎಬ್ಬಿಸುವುದು ಗುರಿಯಾಗಿರಲಿ. ಮೊದಲ ಕಲ್ಲಿನಲ್ಲಿ ನಾಲ್ಕೈದು ಬಂದರೆ ಚೆನ್ನಾಗಿಯೇ ಬಂದಂತೆ.

ಕಲ್ಲು ಆರಿಸುವುದು

ಇಲ್ಲಿ ಅವಸರ ಮಾಡಿದರೆ ಮುಂದಿನ ಯಾವ ಹಂತವೂ ಸರಿಹೋಗದು. ಕಲ್ಲಿನಲ್ಲಿ ಮೂರು ಗುಣ ಬೇಕು. ಕಣಗಳು ಸಣ್ಣವಿರಬೇಕು, ಒಳಗೆ ಬಿರುಕು ಇರಬಾರದು, ಎಲ್ಲ ದಿಕ್ಕಿಗೂ ಒಂದೇ ತೆರನಾಗಿ ಒಡೆಯಬೇಕು. ಪದರ ಪದರವಾಗಿ ಸೀಳುವ ಕಲ್ಲು, ದಪ್ಪ ಹರಳುಗಳಿರುವ ಗ್ರಾನೈಟ್, ಮೆತ್ತನೆಯ ಮರಳುಗಲ್ಲು ಇವು ಬೇಡ. ಸಣ್ಣ ಕಣದ ಬಸಾಲ್ಟ್, ಕ್ವಾರ್ಟ್ಜೈಟ್, ಚರ್ಟ್ ಆಗಬಹುದು. ಬೆಣಚುಕಲ್ಲಿನ ಅಂಚು ಬಹಳ ಹರಿತ, ಆದರೆ ಅದು ಚೂರುಚೂರಾಗುತ್ತದೆ. ಕಲಿಯುವವರು ಅದರಿಂದ ಶುರು ಮಾಡದಿರುವುದು ಒಳ್ಳೆಯದು.

ಗೋನಾದ ತಯಾರಕರೂ ಹೀಗೆಯೇ ಆರಿಸಿದ್ದರು. ಹತ್ತಿರದ ಹೊಳೆಯ ಜಲ್ಲಿಯಲ್ಲಿ ಏನೇನು ಕಲ್ಲು ಇದ್ದವು, ಒಡೆದದ್ದು ಯಾವುವು ಎಂದು ಹೋಲಿಸಿದಾಗ, ದೊಡ್ಡ ಹರಳುಗಳಿಲ್ಲದ ನಯವಾದ ಕಲ್ಲನ್ನೇ ಹೆಕ್ಕಿದ್ದು ಕಂಡುಬಂತು. ಕೀನ್ಯಾದ ಹೋಮಾ ಪರ್ಯಾಯ ದ್ವೀಪದ ನ್ಯಾಯಾಂಗಾದಲ್ಲಂತೂ ಗಟ್ಟಿ ಕಲ್ಲನ್ನು 10 ಕಿ.ಮೀ.ಗೂ ಹೆಚ್ಚು ದೂರದಿಂದ ತಂದಿದ್ದರು. ಕಲ್ಲನ್ನು ಬೇಡವೆನ್ನುವುದೂ ಕೌಶಲವೇ. ನಿಮ್ಮ ಪ್ರಯೋಗದಲ್ಲಿ ಬೇಡವೆಂದ ಕಲ್ಲುಗಳನ್ನೂ ಎಣಿಸಿ, ಕಾರಣ ಬರೆದಿಡಿ.

ಪರೀಕ್ಷೆ ಹೀಗೆ: ಕಲ್ಲನ್ನು ಬೆರಳ ತುದಿಗಳಲ್ಲಿ ಸಡಿಲವಾಗಿ ಹಿಡಿದು ಇನ್ನೊಂದು ಕಲ್ಲಿನಿಂದ ಮೆಲ್ಲಗೆ ತಟ್ಟಿ. ಖಣ್ ಎಂಬ ಶುದ್ಧ ನಾದ ಬಂದರೆ ಒಳಗೆ ಗಟ್ಟಿ. ಡಬ್ ಎಂದರೆ ಬಿರುಕಿದೆ. ನೀರಲ್ಲಿ ಅದ್ದಿ ಒಣಗಲು ಬಿಡಿ. ಬಿರುಕಿನ ಗೆರೆ ಇದ್ದರೆ ಉಳಿದ ಮೈ ಒಣಗಿದ ಮೇಲೂ ಅದೊಂದು ಒದ್ದೆಯಾಗಿ ಕಾಣುತ್ತದೆ. ಕ್ವಾರಿಯ ಜಲ್ಲಿ ಬೇಡ. ಸಿಡಿಮದ್ದಿಗೆ ಸಿಕ್ಕ ಕಲ್ಲಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಅವು ನಿಮ್ಮ ಪೆಟ್ಟನ್ನು ಎತ್ತಲೋ ಒಯ್ಯುತ್ತವೆ.

ತೂಕ 700 ಗ್ರಾಂನಿಂದ 1.2 ಕೆ.ಜಿ., ಉದ್ದ 10ರಿಂದ 14 ಸೆಂ.ಮೀ. ಇರಲಿ. ಇದಕ್ಕಿಂತ ಚಿಕ್ಕದಾದರೆ ಪೆಟ್ಟಿಗೆ ಕಲ್ಲೇ ಹಿಂದಕ್ಕೆ ಸರಿಯುತ್ತದೆ, ದೊಡ್ಡದಾದರೆ ಹಿಡಿದ ಕೈ ಬೇಗ ಸೋಲುತ್ತದೆ. ಆಕಾರ ತೂಕಕ್ಕಿಂತಲೂ ಮುಖ್ಯ. ಚೆಂಡಿನಂತೆ ಗುಂಡಗಿರುವ ಕಲ್ಲು ಬೇಡ. ಒಂದು ಕಡೆ ಚಪ್ಪಟೆ, ಅದರ ಅಂಚಿನಿಂದ ಕೆಳಗೆ ಒಳಕ್ಕೆ ಬಾಗಿದ ಮೈ ಇರುವ ಕಲ್ಲು ಬೇಕು. ಒಂದೇ ಜಾತಿಯ ಐದಾರು ಕಲ್ಲು ತನ್ನಿ. ಒಂದೊಂದು ಸಲ ಒಂದೊಂದು ಜಾತಿಯ ಕಲ್ಲು ಹಿಡಿದರೆ ತಪ್ಪು ಕಲ್ಲಿನದೋ ಕೈಯದೋ ತಿಳಿಯುವುದಿಲ್ಲ.

ಎಲ್ಲಿಂದ ತರಬೇಕು ಎನ್ನುವಾಗ ಕರ್ನಾಟಕದವರು ಇನ್ನಷ್ಟು ಎಚ್ಚರವಾಗಿರಬೇಕು. ಮಲಪ್ರಭಾ ಕಣಿವೆಯ ಹಳೆಯ ಜಲ್ಲಿಪದರಗಳಲ್ಲಿ, ಯಾದಗಿರಿ ಜಿಲ್ಲೆಯ ಹುಣಸಗಿ-ಬೈಚಬಾಳ ಬಯಲಿನ ನೆಲದ ಮೇಲೆ ನಿಜವಾದ ಹಳೆ ಶಿಲಾಯುಗದ ಉಪಕರಣಗಳಿವೆ. ಅಂಥ ಕಡೆ ಒಂದು ಕಲ್ಲನ್ನೂ ಎತ್ತಬೇಡಿ, ಅಲ್ಲಿ ಕೂತು ಒಡೆಯಲೂ ಬೇಡಿ. ಹೊಸದಾಗಿ ತೋಡಿದ ಬಾವಿ, ಮನೆಪಾಯ ಅಥವಾ ಹೊಲದಿಂದ ರೈತರು ಹೊರಗೆ ಹಾಕಿದ ಕಲ್ಲುಗುಡ್ಡೆಯಿಂದ, ಮಾಲೀಕರನ್ನು ಕೇಳಿ ತರಬಹುದು. ಆಗಲೂ ಪ್ರತಿ ಕಲ್ಲಿನ ಸುತ್ತ ಹಳೆಯ ಚಕ್ಕೆ ಎದ್ದ ಗುರುತಿಲ್ಲವೆಂದು ನೋಡಿಕೊಂಡೇ ಚೀಲಕ್ಕೆ ಹಾಕಿ.

ಬಡಿಗಲ್ಲು

ಬಡಿಯುವ ಕಲ್ಲು ಒಡೆಯುವ ಕಲ್ಲಿಗಿಂತ ಹಗುರವಾಗಿ, ಸಾಮಾನ್ಯವಾಗಿ ಅದರ ಅರ್ಧದಷ್ಟು ತೂಗಬೇಕು. 400ರಿಂದ 600 ಗ್ರಾಂ ಸರಿ. ಮೊಟ್ಟೆಯಾಕಾರದ, ನುಣುಪಾದ, ಸುಲಭಕ್ಕೆ ಒಡೆಯದ ಹೊಳೆಗಲ್ಲು ಒಳ್ಳೆಯದು. ಅದರ ಚೂಪು ತುದಿಯಿಂದ ಬಡಿಯಿರಿ. ತುದಿ ಚಿಕ್ಕದಿದ್ದಷ್ಟೂ ಪೆಟ್ಟು ಒಂದೇ ಬಿಂದುವಿಗೆ ಇಳಿಯುತ್ತದೆ. ಬಳಸುತ್ತ ಬಳಸುತ್ತ ಆ ತುದಿ ಜಜ್ಜಿ ಚಪ್ಪಟೆಯಾಗುತ್ತದೆ. ಆಗ ಬಡಿಗಲ್ಲನ್ನು ತಿರುಗಿಸಿ ಇನ್ನೊಂದು ತುದಿ ಬಳಸಿ. ಎರಡೂ ಸವೆದ ಮೇಲೆ ಎಸೆಯದೆ ಇಟ್ಟುಕೊಳ್ಳಿ. ಉತ್ಖನನದಲ್ಲಿ ಸಿಗುವ ಬಡಿಗಲ್ಲುಗಳ ಮೇಲೆ ಇರುವುದು ಇದೇ ಜಜ್ಜುಗುರುತು, ಹೋಲಿಸಲು ಅದು ಬೇಕಾಗುತ್ತದೆ.

ಮೈಗಾವಲು

ಇದನ್ನು ಐಚ್ಛಿಕವೆಂದು ಯಾರೂ ತಿಳಿಯಬಾರದು. ಸುತ್ತಲೂ ಮುಚ್ಚಿದ ಕನ್ನಡಕ, ಹಿಡಿಯುವ ಕೈಗೆ ಚರ್ಮದ ಕೈಗವಸು, ತೊಡೆಯ ಮೇಲೆ ದಪ್ಪ ಚರ್ಮ ಅಥವಾ ನಾಲ್ಕು ಮಡಿಕೆ ಜೀನ್ಸ್ ಬಟ್ಟೆ, ಬೆರಳು ಮುಚ್ಚುವ ಬೂಟು, ಎನ್-95 ಮಾಸ್ಕ್ ಇವಿಷ್ಟೂ ಬೇಕು. ಚರ್ಟ್, ಬೆಣಚುಗಳ ದೂಳು ಶ್ವಾಸಕೋಶಕ್ಕೆ ಸೇರಿದರೆ ಹೊರಗೆ ಬರುವುದಿಲ್ಲ. ಕಲ್ಲುಕುಟಿಗರನ್ನು ಕಾಡುವ ಸಿಲಿಕೋಸಿಸ್ ಬರುವುದು ಅದರಿಂದಲೇ. ಗಾಳಿಯಾಡುವ ಬಯಲಲ್ಲಿ ಮಾತ್ರ ಕೂರಿ, ಗಾಳಿ ಒಂದು ಪಕ್ಕದಿಂದ ಬೀಸುವಂತಿರಲಿ. ಕೆಳಗೆ 2 ಮೀಟರ್ ಉದ್ದಗಲದ ಟಾರ್ಪಾಲಿನ್ ಹಾಸಿ. ನೋಡುವವರು 3 ಮೀಟರ್ ದೂರದಲ್ಲಿರಲಿ, ಅವರೂ ಕನ್ನಡಕ ಹಾಕಿಕೊಳ್ಳಲಿ. ಕೆಲಸ ಮುಗಿದ ಮೇಲೆ ಪೊರಕೆ ಹಿಡಿದು ಗುಡಿಸಬೇಡಿ. ದೂಳಿಗೆ ನೀರು ಚಿಮುಕಿಸಿ ಟಾರ್ಪಾಲನ್ನು ಮಡಚಿ.

ಕೋನ ಹುಡುಕುವುದು

ಬಡಿಯುವ ಮುನ್ನ ಕಲ್ಲನ್ನು ಕೈಯಲ್ಲಿ ತಿರುಗಿಸುತ್ತ ಎರಡು ಮೈಗಳು ಸೇರುವ ಅಂಚುಗಳನ್ನೆಲ್ಲ ನೋಡಿ. ಒಂದು ಮೈ ಪೆಟ್ಟು ಬೀಳುವ ಜಾಗ, ಅದನ್ನು ಪೆಟ್ಟುಮುಖ ಎನ್ನೋಣ. ಇನ್ನೊಂದು ಚಕ್ಕೆ ಏಳುವ ಮೈ. ಇವೆರಡರ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಲೇಬೇಕು. 60ರಿಂದ 80 ಡಿಗ್ರಿ ಇದ್ದರೆ ಕಲಿಯುವವರಿಗೆ ಅನುಕೂಲ.

ಕಣ್ಣಂದಾಜು ಬರುವ ತನಕ ರಟ್ಟಿನಲ್ಲಿ 60, 70, 80, 90 ಡಿಗ್ರಿಯ ಕಚ್ಚುಗಳನ್ನು ಕತ್ತರಿಸಿಟ್ಟುಕೊಳ್ಳಿ. ಅಂಚಿಗೆ ಒತ್ತಿ ನೋಡಿದರೆ ಯಾವುದು ಕೂರುತ್ತದೆಂದು ತಕ್ಷಣ ಗೊತ್ತಾಗುತ್ತದೆ. 90ರ ಕಚ್ಚಿನೊಳಗೂ ಕೂರದ ಅಂಚನ್ನು ಬಿಟ್ಟುಬಿಡಿ. ಕಲ್ಲಿನೊಳಗೆ ಇಳಿದ ಬಿರುಕು ಹೊರಮೈಯ ಹತ್ತಿರದಲ್ಲೇ ಸಾಗಿ ಹೊರಬಂದಾಗಲಷ್ಟೇ ಚಕ್ಕೆ ಏಳುವುದು. ಕೋನ 90 ದಾಟಿದರೆ ಆ ಬಿರುಕು ಕಲ್ಲಿನ ಹೊಟ್ಟೆಗೆ ಇಳಿದು ಅಲ್ಲೇ ಸತ್ತುಹೋಗುತ್ತದೆ. ಎಷ್ಟು ಜೋರಾಗಿ ಬಡಿದರೂ ಫಲ ಅಷ್ಟೇ.

ಬೊನೊಬೊ ವಾನರ ಕಾಂಜಿಗೆ ಟಾತ್ ಮತ್ತು ಕ್ಯಾಥಿ ಶಿಕ್ 1990ರಿಂದ ಕಲ್ಲು ಒಡೆಯುವುದನ್ನು ತೋರಿಸಿಕೊಟ್ಟಾಗ ಅದು ಚಕ್ಕೆ ಎಬ್ಬಿಸಿತು, ಅದರಿಂದ ಹಗ್ಗ ಕತ್ತರಿಸಿ ತಿನಿಸಿನ ಪೆಟ್ಟಿಗೆಯನ್ನೂ ತೆರೆಯಿತು. ಆದರೆ ಅದು ಬಿಟ್ಟ ತಿರುಳುಗಲ್ಲುಗಳ ಅಂಚು ಜಜ್ಜಿಹೋಗಿತ್ತು, ಕೋನಗಳು ಕಡಿದಾಗಿದ್ದವು. ಗಟ್ಟಿ ನೆಲಕ್ಕೆ ಕಲ್ಲನ್ನು ಎಸೆದು ಒಡೆಯುವ ದಾರಿಯನ್ನೂ ಅದೇ ಕಂಡುಕೊಂಡಿತು. ಗೋನಾದ ಕಲ್ಲುಗಳ ಪಕ್ಕ ಕಾಂಜಿಯ ಕಲ್ಲುಗಳನ್ನಿಟ್ಟಾಗ, ಅಷ್ಟು ಹಿಂದಿನ ತಯಾರಕರಿಗೆ ಕೋನದ ಅರಿವು ಎಷ್ಟಿತ್ತೆಂಬುದು ಸ್ಪಷ್ಟವಾಯಿತು.

ಪೆಟ್ಟು

ತಗ್ಗಿನ ಮಣೆ ಅಥವಾ ಸ್ಟೂಲಿನ ಮೇಲೆ ಕೂರಿ. ಬಲಗೈಯವರು ಎಡಗೈಯಲ್ಲಿ ಕಲ್ಲು ಹಿಡಿದು ಎಡತೊಡೆಯ ಹೊರಬದಿಗೆ ಊರಿಕೊಳ್ಳಲಿ. ಎಡಗೈಯವರಿಗೆ ಇದೆಲ್ಲ ಅದಲುಬದಲು. ಪೆಟ್ಟುಮುಖ ಮೇಲಕ್ಕೆ ನೋಡುತ್ತ ಹೊರಕ್ಕೆ ಕೊಂಚ ಬಾಗಿರಲಿ. ಚಕ್ಕೆ ಏಳುವ ಮೈ ಕೆಳಗಿರುತ್ತದೆ, ಅಲ್ಲಿ ಬೆರಳು ಇರಕೂಡದು. ಚಕ್ಕೆ ಅಂಗೈಗೆ ಬಿದ್ದರೆ ಕೈಗವಸನ್ನೂ ಸೀಳೀತು.

ಅಂಚಿನಿಂದ ಎಷ್ಟು ಒಳಗೆ ಬಡಿಯಬೇಕೆಂಬುದರ ಮೇಲೆ ಚಕ್ಕೆಯ ದಪ್ಪ ನಿಂತಿದೆ. ನಯವಾದ ಚರ್ಟ್‌ಗೆ 5ರಿಂದ 8 ಮಿ.ಮೀ., ಬಸಾಲ್ಟ್ ಮತ್ತು ಕ್ವಾರ್ಟ್ಜೈಟ್‌ಗೆ 8ರಿಂದ 15 ಮಿ.ಮೀ. ಎಂದಿಟ್ಟುಕೊಳ್ಳಿ. ಮೊದಲ ದಿನಗಳಲ್ಲಿ ಸೀಮೆಸುಣ್ಣದಿಂದ ಚುಕ್ಕೆ ಇಟ್ಟು ಬಡಿಯಿರಿ, ಆಮೇಲೆ ಜಜ್ಜಿದ ಗುರುತು ಚುಕ್ಕೆಯಿಂದ ಎಷ್ಟು ದೂರ ಬಿತ್ತೆಂದು ಅಳೆಯಿರಿ. ಹೊಸಬರ ಸಮಸ್ಯೆ ಹೆಚ್ಚಾಗಿ ಇದೇ. ಬಲ ಸಾಕಷ್ಟಿರುತ್ತದೆ, ಗುರಿ ತಪ್ಪಿರುತ್ತದೆ.

ತೋಳನ್ನು ಮೊಣಕೈಯಿಂದ ಬೀಸಿ, ಮಣಿಕಟ್ಟು ಸಡಿಲವಾಗಿರಲಿ. ಬಡಿಗಲ್ಲು ಕಮಾನಿನಂತೆ ಇಳಿದು, ಅಂಚಿಗೆ ತಾಗಿ, ತಾಗಿದ ಮೇಲೂ ಅದೇ ದಾರಿಯಲ್ಲಿ ಕೆಳಕ್ಕೆ ಹೋಗಬೇಕು. ತಾಗಿದೊಡನೆ ಕೈ ಹಿಂದಕ್ಕೆಳೆದರೆ ಬಿರುಕು ಅರ್ಧಕ್ಕೇ ನಿಲ್ಲುತ್ತದೆ. ಸರಿಯಾದ ಪೆಟ್ಟಿಗೆ ಟಕ್ ಎಂಬ ಚುರುಕು ಸದ್ದು ಬರುತ್ತದೆ. ಹಿಡಿದ ಕೈಗೆ ಝುಮ್ಮೆಂದರೆ ಪೆಟ್ಟು ಒಳಗೆ ಬಿದ್ದಿದೆ ಎಂದು ತಿಳಿಯಿರಿ.

ಒಂದೇ ಜಾಗಕ್ಕೆ ಮೂರು ಸಲ ಬಡಿದೂ ಚಕ್ಕೆ ಬರದಿದ್ದರೆ ನಿಲ್ಲಿಸಿ. ಕೋನ ಅಳೆಯಿರಿ, ಬೇರೆ ಅಂಚು ನೋಡಿ. ಹಟ ಹಿಡಿದು ಬಡಿದಷ್ಟೂ ಒಳಗೆ ಸಣ್ಣ ಸಣ್ಣ ಶಂಕುವಿನಾಕಾರದ ಬಿರುಕುಗಳು ಹುಟ್ಟಿ ಮುಂದೆ ಬರಬೇಕಾದ ಚಕ್ಕೆಗಳನ್ನೂ ಕೆಡಿಸುತ್ತವೆ.

ಬಂದ ಚಕ್ಕೆಯನ್ನು ಓದುವುದು

ಮೊದಲ ಚಕ್ಕೆ ಬಿದ್ದೊಡನೆ ಬಡಿಯುವುದನ್ನು ನಿಲ್ಲಿಸಿ ಅದನ್ನು ಎತ್ತಿ ನೋಡಿ. ಮೇಲ್ತುದಿಯಲ್ಲಿ ಪೆಟ್ಟುಮುಖದ ಚಿಕ್ಕ ಚೂರು ಅಂಟಿಕೊಂಡಿರುತ್ತದೆ. ಅದರ ಕೆಳಗೆ ಒಳಮೈಯಲ್ಲಿ ಸಣ್ಣ ಉಬ್ಬು, ಉಬ್ಬಿನಿಂದ ದೂರ ಹೋಗುವ ಅಲೆಗೆರೆಗಳು. ಹೊರಮೈಯಲ್ಲಿ ಕಲ್ಲಿನ ಹಳೆಯ ತೊಗಟೆ, ಅಂದರೆ ಒಡೆಯುವ ಮುಂಚಿನ ಹೊರಪದರ. ತಿರುಳುಗಲ್ಲಿನ ಮೇಲೆ ಇದಕ್ಕೆ ಸರಿಯಾಗಿ ಹೊಂದುವ ತಗ್ಗು ಇರುತ್ತದೆ. ಬಸಾಲ್ಟ್, ಕ್ವಾರ್ಟ್ಜೈಟ್‌ಗಳಲ್ಲಿ ಅಲೆಗೆರೆ ಮಸುಕು. ಓರೆಯಾಗಿ ಬೀಳುವ ಬೆಳಕಿನಲ್ಲಿ ಹಿಡಿದರೆ ಕಾಣುತ್ತದೆ.

ಇನ್ನು ಎರಡನೆಯ ಪೆಟ್ಟು. ಚಕ್ಕೆ ಎದ್ದ ತಗ್ಗಿನ ಎರಡು ಬದಿಗೂ ಒಂದೊಂದು ಏಣು ಉಳಿದಿರುತ್ತದೆ. ಆ ಏಣಿನ ನೇರ ಮೇಲೆ ಬಡಿಯಿರಿ, ಬಿರುಕು ಏಣನ್ನು ಹಿಡಿದು ಉದ್ದಕ್ಕೆ ಓಡುತ್ತದೆ. ತಗ್ಗಿನ ನಡುವೆಯೇ ಬಡಿದರೆ ಗಿಡ್ಡನೆಯ ಅಗಲ ಚಕ್ಕೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಹೀಗೆ ಅಂಚಿನುದ್ದಕ್ಕೂ ಪಕ್ಕಪಕ್ಕಕ್ಕೆ ಸರಿಯುತ್ತ ಹೋಗಿ. ಕೋನ ಕಡಿದಾದಾಗ ಕಲ್ಲನ್ನು ಮಗುಚಿ, ಈಗಷ್ಟೇ ಎದ್ದ ತಗ್ಗನ್ನೇ ಪೆಟ್ಟುಮುಖವಾಗಿಸಿ ಎದುರು ಮೈಯಿಂದ ಚಕ್ಕೆ ತೆಗೆಯಿರಿ. ಎರಡೂ ಕಡೆ ಹೀಗೆ ತೆಗೆದಾಗ ಅಂಚು ಹಾವಿನಂತೆ ಡೊಂಕುಡೊಂಕಾಗುತ್ತದೆ. ಮೇರಿ ಲೀಕಿ ಚಾಪರ್ ಎಂದದ್ದು ಹೀಗೆ ಉಳಿದ ಕಲ್ಲುಗಳನ್ನೇ. ಅದು ತಾನಾಗಿಯೇ ನಿಮ್ಮ ಕೈಯಲ್ಲಿ ಮೂಡಿರುವುದನ್ನು ನೋಡಿದಾಗ ಟಾತ್ ಹೇಳಿದ್ದು ಪೂರ್ತಿ ಅರ್ಥವಾಗುತ್ತದೆ.

ಕೆಡುವುದು ಎಲ್ಲಿ, ಏಕೆ

ಅಂಚು ಪುಡಿಯಾಗಿ ಸಣ್ಣ ಸಿಬಿರು ಮಾತ್ರ ಬಂದರೆ ಪೆಟ್ಟು ಅಂಚಿಗೆ ತೀರ ಹತ್ತಿರ ಬಿದ್ದಿದೆ. ಆ ತೆಳುವಾದ ತುಟಿಯನ್ನು ಬಡಿಗಲ್ಲಿನಿಂದ ಮೆಲ್ಲಗೆ ಉಜ್ಜಿ ಗಟ್ಟಿ ಭಾಗ ಸಿಕ್ಕ ಮೇಲೆ ಮತ್ತೆ ಬಡಿಯಿರಿ.

ಚಕ್ಕೆಯ ತುದಿ ಹರಿತವಾಗಿ ಮುಗಿಯದೆ ಮೆಟ್ಟಿಲಿನಂತೆ ತುಂಡಾಗಿದ್ದರೆ, ಅಥವಾ ಗುಂಡಗೆ ಹೊರಳಿದ್ದರೆ, ಬಿರುಕಿಗೆ ಕೊನೆಯವರೆಗೆ ಹೋಗುವಷ್ಟು ಶಕ್ತಿ ಸಿಗಲಿಲ್ಲ. ಪೆಟ್ಟು ಮೆತ್ತಗಾಗಿತ್ತು, ಇಲ್ಲವೇ ಹೊರಮೈ ಬಹಳ ಚಪ್ಪಟೆಯಾಗಿತ್ತು. ತಿರುಳುಗಲ್ಲಿನ ಮೇಲೆ ಉಳಿದ ಆ ಮೆಟ್ಟಿಲು ಮುಂದಿನ ಚಕ್ಕೆಗಳನ್ನೂ ಅಲ್ಲೇ ತಡೆಯುತ್ತದೆ. ಮೇಲಿನಿಂದ ಇನ್ನಷ್ಟು ದಪ್ಪನೆಯ ಚಕ್ಕೆ ಎಬ್ಬಿಸಿ ಅದನ್ನು ಹೊತ್ತೊಯ್ಯಬೇಕು, ಇಲ್ಲವೇ ಎದುರಿನಿಂದ ಬಡಿದು ತೆಗೆಯಬೇಕು. ಎರಡೂ ಆಗದಿದ್ದರೆ ಆ ಮೈಯನ್ನು ಕೈಬಿಡಿ. ಓಲ್ಡುವಾನ್ ತಾಣಗಳಲ್ಲಿ ಬಿಟ್ಟುಹೋದ ತಿರುಳುಗಲ್ಲುಗಳ ಮೇಲೂ ಇಂಥ ಮೆಟ್ಟಿಲುಗಳಿವೆ, ಕೆಲಸ ಏಕೆ ನಿಂತಿತೆಂದು ಅವೇ ಹೇಳುತ್ತವೆ.

ಚಕ್ಕೆ ಪೆಟ್ಟಿನ ಬಿಂದುವಿನಿಂದ ಉದ್ದಕ್ಕೆ ಎರಡು ಹೋಳಾಗಿದ್ದರೆ ಪೆಟ್ಟು ಬಿರುಸಾಯಿತು, ಇಲ್ಲವೇ ಬಡಿಗಲ್ಲು ಭಾರವಾಯಿತು. ಹೊಸಬರಿಗೆ ಇದು ಸಾಮಾನ್ಯ. ಎರಡೂ ಹೋಳನ್ನು ಒಂದೇ ಚಕ್ಕೆಯೆಂದು ಬರೆಯಿರಿ.

ಕೋನವೇ ಇಲ್ಲದ ಕಲ್ಲಿಗೆ

ಗುಂಡುಕಲ್ಲನ್ನು ಕೈಯಲ್ಲಿ ಹಿಡಿದು ಒಡೆಯಲಾಗದು. ಅದನ್ನು ದೊಡ್ಡ ಅಡಿಗಲ್ಲಿನ ಮೇಲೆ ನಿಲ್ಲಿಸಿ ಮೇಲಿನಿಂದ ನೇರ ಬಡಿಯುವುದು ಒಂದು ದಾರಿ. ಕಲ್ಲನ್ನೇ ಎರಡೂ ಕೈಯಲ್ಲಿ ಎತ್ತಿ ಅಡಿಗಲ್ಲಿನ ಅಂಚಿಗೆ ಅಪ್ಪಳಿಸುವುದು ಇನ್ನೊಂದು. ಕೀನ್ಯಾದ ತುರ್ಕಾನಾ ಸರೋವರದ ಪಶ್ಚಿಮಕ್ಕಿರುವ ಲೊಮೆಕ್ವಿ 3ರಲ್ಲಿ ಸೋನಿಯಾ ಹಾರ್ಮಂಡ್ ಮತ್ತು ಜೇಸನ್ ಲೂಯಿಸ್ ತಂಡಕ್ಕೆ 2011ರಲ್ಲಿ ಸಿಕ್ಕು 2015ರಲ್ಲಿ ಪ್ರಕಟವಾದ 33 ಲಕ್ಷ ವರ್ಷ ಹಳೆಯ ಕಲ್ಲುಗಳನ್ನು ಈ ಎರಡು ದಾರಿಗಳಲ್ಲೇ ಒಡೆದಿದ್ದರು ಎಂಬುದು ಆ ತಂಡದ ತೀರ್ಮಾನ. ಅಲ್ಲಿನ ತಿರುಳುಗಲ್ಲುಗಳ ಸರಾಸರಿ ತೂಕವೇ ಸುಮಾರು 3 ಕೆ.ಜಿ. ನಿಮ್ಮ ಪ್ರಯೋಗಕ್ಕೆ ಅಷ್ಟು ಭಾರ ಬೇಡ.

300ರಿಂದ 400 ಗ್ರಾಂನ ಗುಂಡುಕಲ್ಲು, 5 ಕೆ.ಜಿ.ಗಿಂತ ಭಾರದ ಚಪ್ಪಟೆ ಅಡಿಗಲ್ಲು ಸಾಕು. ಕಲ್ಲನ್ನು ಬೆರಳಲ್ಲಿ ಹಿಡಿದು ನಿಲ್ಲಿಸಬೇಡಿ. ದಪ್ಪ ಬಟ್ಟೆಯ ಸಿಂಬಿ ಮಾಡಿ ಅದರ ನಡುವೆ ಕೂರಿಸಿ, ತಳ ಅಡಿಗಲ್ಲಿಗೆ ತಾಗುತ್ತಿರಲಿ. ಬೆರಳು ಜಜ್ಜುವ ಅಪಾಯ ಇಲ್ಲಿ ಬೇರೆಲ್ಲ ಹಂತಗಳಿಗಿಂತ ಹೆಚ್ಚು. ಹೀಗೆ ಬಂದ ತುಂಡುಗಳ ಎರಡೂ ತುದಿ ಜಜ್ಜಿರುತ್ತವೆ, ಒಳಮೈ ಚಪ್ಪಟೆ, ಉಬ್ಬು ಬಹುಮಟ್ಟಿಗೆ ಇರುವುದಿಲ್ಲ. ಈ ವ್ಯತ್ಯಾಸ ಕಣ್ಣಿಗೆ ರೂಢಿಯಾಗಲೆಂದೇ ಒಂದೆರಡು ಕಲ್ಲನ್ನು ಹೀಗೂ ಒಡೆಯಿರಿ. ಸೀಳಿದ ಅರ್ಧಗಲ್ಲಿಗೆ ಈಗ ಚಪ್ಪಟೆ ಮೈ ಮತ್ತು ಒಳ್ಳೆಯ ಕೋನ ಎರಡೂ ಸಿಕ್ಕಿವೆ, ಮುಂದೆ ಕೈಯಲ್ಲೇ ಹಿಡಿದು ಚಕ್ಕೆ ತೆಗೆಯಬಹುದು.

ಬರೆದಿಡುವುದು

ಒಡೆಯುವ ಮುನ್ನ ಕಲ್ಲಿನ ತೂಕ, ಮೂರು ಅಳತೆ, ನಾಲ್ಕು ಕಡೆಯಿಂದ ಫೋಟೊ. ಒಡೆಯುವಾಗ ಪಕ್ಕದಲ್ಲೊಬ್ಬರು ಕೂತು ಪ್ರತಿ ಪೆಟ್ಟನ್ನೂ ಎಣಿಸಲಿ, ಚಕ್ಕೆ ಬಂತೋ ಇಲ್ಲವೋ ಗುರುತಿಸಲಿ. ಚಕ್ಕೆ ಬಿದ್ದ ಕೂಡಲೇ ಪೆನ್ಸಿಲಿನಿಂದ ಕ್ರಮಸಂಖ್ಯೆ ಬರೆಯಲಿ. ಆಮೇಲೆ ಬರೆದರಾಯಿತೆಂದು ಬಿಟ್ಟರೆ ಕ್ರಮ ಕೈತಪ್ಪುತ್ತದೆ.

ಮುಗಿದ ಮೇಲೆ ಟಾರ್ಪಾಲಿನ ಮೇಲಿರುವುದನ್ನೆಲ್ಲ ಜರಡಿ ಹಿಡಿಯಿರಿ. 2 ಸೆಂ.ಮೀ.ಗಿಂತ ದೊಡ್ಡ ತುಂಡುಗಳನ್ನು ಒಂದೊಂದಾಗಿ, ಚಿಕ್ಕವನ್ನು ಒಟ್ಟಾಗಿ ತೂಗಿ. ಎಲ್ಲವೂ ಕೂಡಿ ಮೊದಲ ತೂಕಕ್ಕೆ ಹತ್ತಿರ ಬರಬೇಕು. ಬಹಳ ಕಡಿಮೆಯಾಯಿತೆಂದರೆ ಚೂರುಗಳು ಟಾರ್ಪಾಲಿನಾಚೆ ಹಾರಿವೆ, ಹುಡುಕಿ.

ಪ್ರತಿ ಚಕ್ಕೆಗೂ ಪೆಟ್ಟಿನ ಬಿಂದುವಿನಿಂದ ತುದಿಗೆ ಉದ್ದ, ಅದಕ್ಕೆ ಅಡ್ಡವಾಗಿ ಅಗಲ, ದಪ್ಪ, ಪೆಟ್ಟುಮುಖದ ಅಗಲ ಮತ್ತು ಆಳ ಇವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಪೆಟ್ಟುಮುಖಕ್ಕೂ ಹೊರಮೈಗೂ ನಡುವಿನ ಕೋನ ಬರೆಯಿರಿ. ಹೆರಾಲ್ಡ್ ಡಿಬಲ್ ಮತ್ತಿತರರು ಗಾಜಿನ ಮೇಲೆ ಯಂತ್ರದಿಂದ ಉಕ್ಕಿನ ಗುಂಡು ಬೀಳಿಸಿ ಮಾಡಿದ ಪ್ರಯೋಗಗಳಲ್ಲಿ, ಚಕ್ಕೆಯ ಗಾತ್ರವನ್ನು ಮುಖ್ಯವಾಗಿ ನಿರ್ಧರಿಸುವುದು ಪೆಟ್ಟುಮುಖದ ಆಳ ಮತ್ತು ಈ ಕೋನ ಎಂದು ತೋರಿಬಂತು. ನಿಮ್ಮ ಅಳತೆಗಳನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿ ನೋಡಿ.

ಜೊತೆಗೆ ಟಾತ್ ಅವರ ಆರು ಬಗೆ. ಪೆಟ್ಟುಮುಖದ ಮೇಲೆ ತೊಗಟೆ ಇದ್ದು, ಹೊರಮೈಯೆಲ್ಲ ತೊಗಟೆಯಾದರೆ ಒಂದನೆಯ ಬಗೆ, ಅರೆತೊಗಟೆಯಾದರೆ ಎರಡು, ತೊಗಟೆಯೇ ಇಲ್ಲದಿದ್ದರೆ ಮೂರು. ಪೆಟ್ಟುಮುಖದಲ್ಲಿ ತೊಗಟೆ ಇಲ್ಲದೆ, ಹೊರಮೈ ಇದೇ ಕ್ರಮದಲ್ಲಿದ್ದರೆ ನಾಲ್ಕು, ಐದು, ಆರು. ಇಷ್ಟು ಸರಳವಾದ ಲೆಕ್ಕದಿಂದ ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಿತು. ಒಂದು ಕಲ್ಲನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ಒಡೆದರೆ ಈ ಆರು ಬಗೆಗಳು ಯಾವ ಪ್ರಮಾಣದಲ್ಲಿ ಬರುತ್ತವೆಂದು ಪ್ರಯೋಗದಿಂದ ಗೊತ್ತಾಗುತ್ತದೆ. ಕೂಬಿ ಫೋರಾದ ತಾಣಗಳಲ್ಲಿ ಆ ಪ್ರಮಾಣ ಹೊಂದಲಿಲ್ಲ, ನಂತರದ ಹಂತದ ಚಕ್ಕೆಗಳೇ ಹೆಚ್ಚಿದ್ದವು. ಅಂದರೆ ಕಲ್ಲನ್ನು ಬೇರೆಲ್ಲೋ ಅರ್ಧ ಒಡೆದು ಇಲ್ಲಿಗೆ ಹೊತ್ತು ತಂದಿದ್ದರು. ಮುಂದೆ ಬೇಕಾಗುತ್ತದೆಂದು ಹೊತ್ತು ನಡೆಯುವ ಜೀವಿಯ ಸುಳಿವು ಸಿಕ್ಕಿದ್ದು ತೊಗಟೆಯ ಲೆಕ್ಕದಿಂದ. ಈ ಕ್ಷೇತ್ರದಲ್ಲಿ ನಮಗೆ ಅತ್ಯಂತ ಮೆಚ್ಚಿಗೆಯಾದ ತರ್ಕ ಇದು.

ಮತ್ತೆ ಜೋಡಿಸುವುದು

ಎಲ್ಲ ಚಕ್ಕೆಗಳ ಸಂಖ್ಯೆಯ ಮೇಲೆ ಕಾಗದದ ಚೂರು ಅಂಟಿಸಿ ಮುಚ್ಚಿ, ಒಡೆಯುವುದನ್ನು ನೋಡದವರ ಕೈಗೆ ಕೊಡಿ. ಪೂರ್ತಿ ತೊಗಟೆ ಇರುವ ದೊಡ್ಡ ತುಂಡುಗಳಿಂದ ಶುರು ಮಾಡಲಿ, ಬಣ್ಣದ ಪಟ್ಟೆ, ಹರಳಿನ ಗೆರೆ ಕೂಡುತ್ತವೆಯೇ ನೋಡಲಿ. ಕೂಡಿದ್ದನ್ನು ಕಾಗದದ ಟೇಪಿನಿಂದ ಹಿಡಿದಿಡಿ, ಅಂಟು ಬೇಡ. ತುರ್ಕಾನಾದ ಪಶ್ಚಿಮದಲ್ಲೇ ಇರುವ 23 ಲಕ್ಷ ವರ್ಷ ಹಳೆಯ ಲೊಕಲಲೆಯಿ 2ಸಿ ತಾಣದಲ್ಲಿ ಎಲೆನ್ ರೋಶ್ ತಂಡ ಹೀಗೆ ಜೋಡಿಸಿಯೇ, ಒಂದೇ ಕಲ್ಲಿನ ಚಪ್ಪಟೆ ಮೈಯಿಂದ ಸಾಲಾಗಿ ಚಕ್ಕೆ ತೆಗೆದ ಕ್ರಮವನ್ನು ಪೆಟ್ಟುಪೆಟ್ಟಾಗಿ ತೋರಿಸಿತು. ಜೋಡಿಸಿದವರು ಹೇಳುವ ಕ್ರಮವನ್ನು ನಿಮ್ಮ ಪಟ್ಟಿಯೊಂದಿಗೆ ಹೋಲಿಸಿ. ಎಲ್ಲಿ ತಪ್ಪಿತೋ ಅಲ್ಲಿ ಉತ್ಖನನದ ಕಲ್ಲುಗಳಲ್ಲೂ ತಪ್ಪಲು ಅವಕಾಶವಿದೆ.

ಅಲಗಿನ ಪರೀಕ್ಷೆ

ಮಾಂಸದಂಗಡಿಯಿಂದ ಮೂಳೆ ಸಮೇತ ಮೇಕೆಯ ಕಾಲು ತಂದು ಚಕ್ಕೆಯಿಂದ ಮಾಂಸ ಬಿಡಿಸಿ ನೋಡಿ. ಮಾಂಸ ಬೇಡವೆನ್ನುವವರು ಹಸಿ ಬಿದಿರು, ದಪ್ಪ ಚರ್ಮ, ತೆಂಗಿನ ಹಗ್ಗದ ಮೇಲೆ ಪರೀಕ್ಷಿಸಬಹುದು. ಮೂಳೆಯನ್ನು ಕುದಿಸಿ ತೊಳೆದು 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ ಕಿರಿದಾದ, ನೇರವಾದ, ಇಂಗ್ಲಿಷಿನ ವಿ ಅಕ್ಷರದಂಥ ಕೊರೆ ಕಾಣುತ್ತದೆ. ಕೊರೆಯೊಳಗೆ ಉದ್ದಕ್ಕೆ ಓಡುವ ಎಳೆಗೆರೆಗಳಿರುತ್ತವೆ, ಅಂಥ ಕೊರೆಗಳು ಕೀಲಿನ ಹತ್ತಿರ ಗುಂಪಾಗಿರುತ್ತವೆ. ಇನ್ನೊಂದು ಮೂಳೆಯನ್ನು ಮರಳುಜಲ್ಲಿಯ ಮೇಲಿಟ್ಟು ತುಳಿದು ನೋಡಿ. ಆಳವಿಲ್ಲದ, ಡೊಂಕಾದ, ದಿಕ್ಕುದೆಸೆಯಿಲ್ಲದ ಗೀರುಗಳು ಬರುತ್ತವೆ. ಇಥಿಯೋಪಿಯಾದ ದಿಕಿಕಾದಲ್ಲಿ ಸಿಕ್ಕ 34 ಲಕ್ಷ ವರ್ಷ ಹಳೆಯ ಎರಡು ಮೂಳೆಗಳ ಬಗ್ಗೆ 2010ರಿಂದ ನಡೆಯುತ್ತಿರುವ ವಾದದ ತಿರುಳು ಇದೇ: ಅವು ಕಲ್ಲಿನ ಅಲಗಿನ ಗುರುತೋ, ತುಳಿತದ ಗೀರೋ. ನ್ಯಾಯಾಂಗಾದಲ್ಲಿ ನೀರಾನೆಯ ಮೂಳೆಗಳು ಕಡಿತದ ಗುರುತಿನ ಸಮೇತ ಓಲ್ಡುವಾನ್ ಕಲ್ಲುಗಳ ಜೊತೆಗೇ ಸಿಕ್ಕಿವೆ. ಅದೇ ತಾಣದಲ್ಲಿ ಸಿಕ್ಕ ಹಲ್ಲುಗಳು ಮನುಷ್ಯ ಕುಲಕ್ಕೆ ಸೇರದ, ಅಳಿದುಹೋದ ಹತ್ತಿರದ ಬಂಧು ಪ್ಯಾರಾಂತ್ರೋಪಸ್‌ನವು. ಆದ್ದರಿಂದ ಉಪಕರಣ ಮಾಡಿದ್ದು ಮನುಷ್ಯರ ಹೋಮೋ ಕುಲವೊಂದೇ ಎಂದು ಬರೆಯುವ ರೂಢಿಯನ್ನು ಈಗ ಬಿಡಬೇಕು.

ನೆಲದ ಮೇಲೆ ಕಂಡ ಕಲ್ಲು

ಇಷ್ಟು ಮಾಡಿದವರಿಗೆ ದಾರಿಯಲ್ಲಿ ಕಂಡ ಪ್ರತಿ ಒಡೆದ ಕಲ್ಲೂ ಆದಿಮಾನವನದೆನ್ನಿಸುವುದುಂಟು. ಒಂದು ಚಕ್ಕೆಯಿಂದ ಏನೂ ಸಾಬೀತಾಗುವುದಿಲ್ಲ. ಹೊಳೆಯ ಪ್ರವಾಹ, ಬೆಟ್ಟದಿಂದ ಉರುಳುವಿಕೆ, ಟ್ರ್ಯಾಕ್ಟರಿನ ನೇಗಿಲು ಕೂಡ ಉಬ್ಬಿರುವ ಚಕ್ಕೆ ಎಬ್ಬಿಸುತ್ತವೆ. ಬ್ರೆಜಿಲ್‌ನ ಸೆರಾ ದಾ ಕಪಿವಾರಾದ ಕ್ಯಾಪುಚಿನ್ ಕೋತಿಗಳು ಕಲ್ಲಿಗೆ ಕಲ್ಲು ಕುಟ್ಟುವಾಗ ಓಲ್ಡುವಾನ್‌ನಂತೆಯೇ ಕಾಣುವ ಚಕ್ಕೆಗಳು ಏಳುತ್ತವೆಂದು 2016ರಲ್ಲಿ ವರದಿಯಾಯಿತು. ಆ ಕೋತಿಗಳು ಚಕ್ಕೆಗಳನ್ನು ಕತ್ತರಿಸಲು ಬಳಸುವುದಿಲ್ಲ.

ನೋಡಬೇಕಾದದ್ದು ಹೀಗೆ. ಒಂದೇ ಅಂಚಿನಿಂದ ಒಂದೇ ದಿಕ್ಕಿಗೆ ಮೂರ್ನಾಲ್ಕು ಚಕ್ಕೆ ಎದ್ದ ಗುರುತಿದೆಯೇ, ಕೋನಗಳೆಲ್ಲ 90ರ ಒಳಗಿವೆಯೇ, ಗುರುತುಗಳ ಸವೆತ ಒಂದೇ ಬಗೆಯದೇ, ಸುತ್ತಲೂ ಅದೇ ಕಲ್ಲಿನ ಚಕ್ಕೆಗಳಿವೆಯೇ, ಆ ಗಾತ್ರದ ಕಲ್ಲು ತಾನಾಗಿ ಬರಲಾರದ ನುಣ್ಣನೆ ಮಣ್ಣಿನಲ್ಲಿದೆಯೇ. ಕರ್ನಾಟಕದಲ್ಲಿ ಇವಕ್ಕೆಲ್ಲ ಹೌದು ಎನ್ನುವ ಕಲ್ಲು ಸಿಕ್ಕರೆ ಅದು ಓಲ್ಡುವಾನ್‌ಗಿಂತ ನಂತರದ, ಕೈಗೊಡಲಿಗಳ ಅಶೂಲಿಯನ್ ಹಂತದ್ದಾಗಿರುವ ಸಂಭವವೇ ಹೆಚ್ಚು. ಹುಣಸಗಿ ಬಳಿಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದು ತೆಗೆದದ್ದು ಸುಣ್ಣಕಲ್ಲಿನ ಹಲಗೆಗಳಿಂದ ಕೈಗೊಡಲಿ ಮಾಡುತ್ತಿದ್ದ ಜಾಗವನ್ನು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನ ಪರೀಕ್ಷೆ ಕೊಟ್ಟ ಕಾಲ ಸುಮಾರು 12.7 ಲಕ್ಷ ವರ್ಷ. ಅಲ್ಲಿಯೂ ಬಡಿಗಲ್ಲಿಗೆ ಬಸಾಲ್ಟ್, ಕ್ವಾರ್ಟ್ಜೈಟ್, ಚರ್ಟ್ ಉರುಟುಗಲ್ಲುಗಳನ್ನೇ ಆರಿಸಿದ್ದರು.

ಅಂಥ ಕಲ್ಲು ಕಂಡರೆ ಎತ್ತಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಮೊಬೈಲಿನ ಜಿಪಿಎಸ್ ಅಂಕಿ ಬರೆದುಕೊಂಡು, ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಅಥವಾ ಹತ್ತಿರದ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗಕ್ಕೆ ತಿಳಿಸಿ. ಎತ್ತಿದ ಕಲ್ಲು ಯಾವ ಪದರದ್ದೆಂದು ಆಮೇಲೆ ಯಾರಿಂದಲೂ ಹೇಳಲಾಗದು.

ಗುಂಪಿಗೆ ಕಲಿಸುವಾಗ

184 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬೇರೆಯವರು ಒಡೆಯುವುದನ್ನು ಸುಮ್ಮನೆ ನೋಡಿ ಕಲಿತವರಿಗೆ ಹೆಚ್ಚಿನ ಲಾಭವಾಗಲಿಲ್ಲ. ಕೈ ಹಿಡಿದು, ಸನ್ನೆ ಮಾಡಿ, ಮಾತಿನಲ್ಲಿ ಹೇಳಿ ಕಲಿಸಿದಾಗ ಕಲಿತವರ ಚಕ್ಕೆಗಳು ಉತ್ತಮವಾಗಿದ್ದವು. ಆದ್ದರಿಂದ ನೀವು ಒಡೆದು ತೋರಿಸಿ ಸುಮ್ಮನಾಗಬೇಡಿ. ಕಲಿಯುವವರ ಕೈಯಲ್ಲಿರುವ ಕಲ್ಲಿನ ಮೇಲೇ ಬೆರಳಿಟ್ಟು ಕೋನ ತೋರಿಸಿ, ಬಡಿಯುವ ಮುನ್ನ ಎಲ್ಲಿ, ಏಕೆ ಎಂದು ಅವರಿಂದ ಹೇಳಿಸಿ. 12 ವರ್ಷದೊಳಗಿನ ಮಕ್ಕಳಿಗೆ ಒಡೆಯಲು ಕೊಡಬೇಡಿ, ಜೋಡಿಸುವ ಕೆಲಸ ಕೊಡಿ. ಅದರಲ್ಲಿ ಅವರು ದೊಡ್ಡವರಿಗಿಂತ ಚುರುಕು.

ಚೂರುಗಳ ವಿಲೇವಾರಿ

ಇದನ್ನು ಮರೆತರೆ ಮುಂದಿನ ಸಂಶೋಧಕರಿಗೆ ನೀವೇ ಸುಳ್ಳು ತಾಣ ಮಾಡಿಕೊಟ್ಟಂತಾಗುತ್ತದೆ. ಉಳಿಸಿಕೊಳ್ಳುವ ಪ್ರತಿ ಚಕ್ಕೆಯ ಮೇಲೂ ಅಳಿಸದ ಶಾಯಿಯಲ್ಲಿ ಪ್ರಯೋಗದ ವರ್ಷ ಮತ್ತು ಸಂಖ್ಯೆ ಬರೆದು, ಮೇಲೊಂದು ಪದರ ಪಾರದರ್ಶಕ ನೇಲ್ ಪಾಲಿಶ್ ಹಚ್ಚಿ. ಉಳಿದದ್ದನ್ನು ಹೊಲಕ್ಕೋ ಹೊಳೆಗೋ ಸುರಿಯಬೇಡಿ. ಕಾಂಕ್ರೀಟಿಗೆ ಬೆರೆಸಬಹುದು. ಹೂಳುವುದಾದರೆ ಹಳೆಯ ತಾಣಗಳಿಲ್ಲದ ಕಡೆ ಒಂದೇ ಗುಂಡಿಯಲ್ಲಿ ಹಾಕಿ, ತಳದಲ್ಲೂ ಮೇಲೂ ಆ ವರ್ಷದ ನಾಣ್ಯವೊಂದನ್ನು ಗಾಜಿನ ಸೀಸೆಯಲ್ಲಿಟ್ಟು ಸೇರಿಸಿ. ಗುಂಡಿಯ ಜಾಗವನ್ನು ದಾಖಲೆ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.